ಕಂಠವೊಂದಕ್ಕಾಗಿ ಹುಟ್ಟಿದ ನಾಟಕ

1957ರ ಡಿಸೆಂಬರ್. ಬಿಬಿಸಿ ರೇಡಿಯೊದ 'ಥರ್ಡ್ ಪ್ರೋಗ್ರಾಂ'ನಲ್ಲಿ ನಟನೊಬ್ಬ ಗದ್ಯ ಓದುತ್ತಿದ್ದ. ಆ ಗದ್ಯವನ್ನು ಬರೆದ ಸ್ಯಾಮ್ಯುಯೆಲ್ ಬೆಕೆಟ್ ದೂರದ ಫ್ರಾನ್ಸಿನಲ್ಲಿ ರೇಡಿಯೊಕ್ಕೆ ಕಿವಿಗೊಟ್ಟು ಕುಳಿತಿದ್ದ. ಪ್ರಸಾರ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಗೊರಗೊರ ಸದ್ದಿನ ನಡುವೆ ತೇಲಿಬಂದ ಆ ಒಡಕು ಧ್ವನಿ ಅವನನ್ನು ಬಿಡಲಿಲ್ಲ. ಎರಡು ತಿಂಗಳಲ್ಲಿ ಬೆಕೆಟ್ ಹೊಸ ನಾಟಕವೊಂದನ್ನು ಬರೆಯತೊಡಗಿದ. ಅದಕ್ಕೆ ಅವನು ಮೊದಲು ಕೊಟ್ಟ ಹೆಸರು 'ಮಗೀ ಮೋನೊಲಾಗ್', ಅಂದರೆ ಮಗೀಯ ಸ್ವಗತ.

ಹೀಗೆ ತನ್ನ ಕಂಠದಿಂದಲೇ ಒಂದು ನಾಟಕವನ್ನು ಹುಟ್ಟಿಸಿದ ನಟ ಪ್ಯಾಟ್ರಿಕ್ ಮಗೀ. 1922ರಲ್ಲಿ ಉತ್ತರ ಐರ್ಲೆಂಡಿನ ಆರ್ಮಾದಲ್ಲಿ ಹುಟ್ಟಿದವನು. ಊರಿಂದೂರಿಗೆ ತಿರುಗುತ್ತಾ ಷೇಕ್ಸ್‌ಪಿಯರ್ ಆಡುತ್ತಿದ್ದ ಆನ್ಯು ಮ್ಯಾಕ್‌ಮಾಸ್ಟರನ ಕಂಪನಿಯಲ್ಲಿ ಪಳಗಿದವನು. ಅದೇ ಕಂಪನಿಯಲ್ಲಿ ಆಗ ಪಾತ್ರ ಮಾಡುತ್ತಿದ್ದ ಇನ್ನೊಬ್ಬ ಹುಡುಗ, ಮುಂದೆ ದೊಡ್ಡ ನಾಟಕಕಾರನಾದ ಹೆರಾಲ್ಡ್ ಪಿಂಟರ್.

ಬೆಕೆಟ್‌ನ ಆ ನಾಟಕ 'ಕ್ರಾಪ್ಸ್ ಲಾಸ್ಟ್ ಟೇಪ್' ಎಂಬ ಹೆಸರಿನಿಂದ 1958ರ ಅಕ್ಟೋಬರ್ 28ರಂದು ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಅರವತ್ತೊಂಬತ್ತರ ಮುದುಕ ಕ್ರಾಪ್ ತನ್ನ ಹುಟ್ಟುಹಬ್ಬದ ದಿನ ಹಳೆಯ ಟೇಪೊಂದನ್ನು ಹಾಕಿಕೊಂಡು ಕೇಳುತ್ತಾನೆ. ಮೂವತ್ತೊಂಬತ್ತರಲ್ಲಿ ತಾನೇ ಆಡಿದ ಮಾತು, ತಾನೇ ಬಿಟ್ಟುಕೊಟ್ಟ ಪ್ರೀತಿ ಮತ್ತೆ ಎದುರಾಗುತ್ತವೆ. ರಂಗದ ಮೇಲೆ ಇರುವುದು ಒಬ್ಬನೇ ನಟ. ಅವನಿಗೆ ಜೊತೆ ಅವನದೇ ದನಿ. ಆಗ ಮಗೀಗೆ ಮೂವತ್ತಾರು ವರ್ಷ. ಅವನು ಕಷ್ಟಪಟ್ಟು ತಂದುಕೊಳ್ಳಬೇಕಾಗಿದ್ದದ್ದು ಮುಪ್ಪನ್ನು.

ನಟನ ಸಂಸಾರ ಬೆಕೆಟ್ ಒಬ್ಬನಿಂದ ನಡೆಯುವುದಿಲ್ಲ. ಕೊಪ್ಪೊಲಾ ತನ್ನ ಆರಂಭದ ದಿನಗಳಲ್ಲಿ ತೆಗೆದ 'ಡಿಮೆನ್ಷಿಯಾ 13'ರಿಂದ ಹಿಡಿದು 'ಟೇಲ್ಸ್ ಫ್ರಮ್ ದ ಕ್ರಿಪ್ಟ್'ವರೆಗೆ ಮಗೀ ಎಷ್ಟೋ ಭಯಾನಕ ಚಿತ್ರಗಳಲ್ಲಿ ನಟಿಸಿದ. ಪೀಟರ್ ಬ್ರೂಕ್ ನಿರ್ದೇಶಿಸಿದ 'ಮಾರಾ/ಸಾದ್' ನಾಟಕದ ಸಾದ್ ಪಾತ್ರಕ್ಕೆ 1966ರಲ್ಲಿ ಅಮೆರಿಕದ ಟೋನಿ ಪ್ರಶಸ್ತಿ ಬಂತು. 1964ರಲ್ಲಿ ಪ್ಯಾರಿಸ್ಸಿನಲ್ಲಿ ಬೆಕೆಟ್‌ನ 'ಎಂಡ್‌ಗೇಮ್' ಆಡಿದಾಗ ಅವನದು ಕುರ್ಚಿಯಿಂದ ಏಳಲಾಗದ ಕುರುಡ ಹ್ಯಾಮ್‌ನ ಪಾತ್ರ. ಕುಬ್ರಿಕ್‌ನ 'ಎ ಕ್ಲಾಕ್‌ವರ್ಕ್ ಆರೆಂಜ್' (1971) ಚಿತ್ರದಲ್ಲೂ ಗಾಲಿಕುರ್ಚಿಗೆ ಬಿದ್ದ ಲೇಖಕನಾದ. ಕಾಲು ಕಟ್ಟಿಹಾಕಿದರೂ ಆ ಗಂಟಲು ಇಡೀ ಕೋಣೆಯನ್ನು ತುಂಬುತ್ತಿತ್ತು.

1972ರಲ್ಲಿ ಬಿಬಿಸಿ ಟೆಲಿವಿಷನ್ನಿಗಾಗಿ ಮಗೀ ಮತ್ತೆ ಕ್ರಾಪ್ ಆದ. ಮೊದಲ ಪ್ರದರ್ಶನವನ್ನು ನಿರ್ದೇಶಿಸಿದ್ದ ಡೊನಾಲ್ಡ್ ಮ್ಯಾಕ್‌ವಿನ್ನಿಯೇ ಇಲ್ಲಿಯೂ ನಿರ್ದೇಶಕ. ಈ ಹೊತ್ತಿಗೆ ಮಗೀಗೆ ಐವತ್ತು. ಹದಿನಾಲ್ಕು ವರ್ಷದ ಹಿಂದೆ ಮುಪ್ಪನ್ನು ಹುಡುಕಿ ತಂದಿದ್ದವನು ಈಗ ಹುಡುಕಬೇಕಾಗಿದ್ದದ್ದು ಟೇಪಿನೊಳಗಿನ ಮೂವತ್ತೊಂಬತ್ತರ ದರ್ಪವನ್ನು. ನಾಟಕ ಹೇಳುವುದೂ ಇದನ್ನೇ: ಮನುಷ್ಯನಿಗೆ ಅತ್ಯಂತ ಅಪರಿಚಿತನೆಂದರೆ ತನ್ನದೇ ಹಳೆಯ ದನಿಯವನು.

1976ರಲ್ಲಿ ಬೆಕೆಟ್‌ನ 'ದಟ್ ಟೈಮ್' ಅದೇ ರಾಯಲ್ ಕೋರ್ಟಿನಲ್ಲಿ ಮೊದಲ ಬಾರಿ ರಂಗಕ್ಕೆ ಬಂತು. ಕತ್ತಲಲ್ಲಿ, ನೆಲದಿಂದ ಸುಮಾರು ಹತ್ತಡಿ ಮೇಲೆ, ನೆರೆತ ಕೂದಲು ಚೆಲ್ಲಿದ ಒಂದು ಮುಖ ಮಾತ್ರ. ಆ ಮುಖ ಮಗೀಯದು. ಮುದ್ರಿಸಿಟ್ಟ ಅವನದೇ ದನಿ ಮೂರು ದಿಕ್ಕುಗಳಿಂದ ಬರುತ್ತದೆ. ಅವನು ತುಟಿ ಬಿಚ್ಚುವಂತಿಲ್ಲ. ಕಂಠಕ್ಕೆ ಹೆಸರಾದ ನಟನಿಗೆ ಸಿಕ್ಕ ಕೆಲಸ ಸುಮ್ಮನೆ ಕೇಳಿಸಿಕೊಳ್ಳುವುದು.

1982ರ ಆಗಸ್ಟಿನಲ್ಲಿ ಮಗೀ ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು ಅರವತ್ತು. ಮೂವತ್ತಾರರಲ್ಲೇ ಮುಖಕ್ಕೆ ಬಳಿದುಕೊಂಡಿದ್ದ ಕ್ರಾಪ್‌ನ ಅರವತ್ತೊಂಬತ್ತು ಅವನ ಪಾಲಿಗೆ ಬರಲೇ ಇಲ್ಲ. ರಾಯಲ್ ಕೋರ್ಟಿನ ಆ ಮೊದಲ ರಾತ್ರಿ, ಅದನ್ನು ನೋಡಿದವರ ನೆನಪಿಗೆ ಸೇರಿದ್ದು. ಆದರೆ ಟೆಲಿವಿಷನ್ನಿನ ಕ್ರಾಪ್ ಉಳಿದಿದ್ದಾನೆ. ಮೇಜಿನ ಮೇಲೆ ಬಾಗಿ, ತನ್ನ ದನಿಗೆ ತಾನೇ ಕಿವಿಗೊಟ್ಟು ಕುಳಿತಿದ್ದಾನೆ, ಹಿಂದೊಮ್ಮೆ ರೇಡಿಯೊದ ಮುಂದೆ ಬೆಕೆಟ್ ಕುಳಿತಿದ್ದ ಹಾಗೆ.