ಕೋಟ್ಟೆಗೆ ಹೋದರೆ

ಪ್ರೀತಿಯ ಪುಟ್ಟಿ,

ವಿಚಾರ ಸಂಕಿರಣಕ್ಕೆ ಕೊಲಂಬೊಗೆ ಹೊರಟಿದ್ದೀಯಂತೆ, ನಿನ್ನಮ್ಮ ಹೇಳಿದಳು. ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ತಾತ, ನಿಮ್ಮ ಶಾಂತಿಪಾಲನಾ ಪಡೆ ಲಂಕೆಗೆ ಹೋಗಿದ್ದು ಸರಿನಾ, ತಪ್ಪಾ?" ಅಂತ. ಟೀವಿ ಸದ್ದು ಜಾಸ್ತಿ ಅಂತ ಜಾರಿಕೊಂಡೆ. ಸದ್ದೇನೂ ಇರಲಿಲ್ಲ.

ನಿಮ್ಮ ಪಾಠದಲ್ಲಿ ಕತೆ 1987ರ ಜುಲೈ 29ರ ಭಾರತ-ಲಂಕಾ ಒಪ್ಪಂದದಿಂದ ಶುರುವಾಗುತ್ತದೇನೋ. ನನಗೆ ಅದು ಜೂನ್ 4ರಿಂದ ಶುರು. ಜಾಫ್ನಾಕ್ಕೆ ನಾವು ಕಳಿಸಿದ ಪರಿಹಾರದ ದೋಣಿಗಳನ್ನು ಲಂಕಾ ನೌಕಾಪಡೆ ಹಿಂದಿನ ದಿನ ವಾಪಸ್ ಅಟ್ಟಿತ್ತು. ಐದು ಎಎನ್-32 ವಿಮಾನಗಳು ನಮ್ಮ ಬೆಂಗಳೂರಿನಿಂದಲೇ ಹಾರಿ, ಮಿರಾಜ್‌ಗಳ ಬೆಂಗಾವಲಿನಲ್ಲಿ ಸುಮಾರು 25 ಟನ್ ಸಾಮಗ್ರಿ ಇಳಿಸಿ ಬಂದವು. ಕಾರ್ಯಾಚರಣೆಯ ಹೆಸರು 'ಪೂಮಾಲೈ', ಹೂಮಾಲೆ. ಆ 25 ಟನ್ ಜಾಫ್ನಾದ ಹೊಟ್ಟೆಗೆ ಯಾವ ಮೂಲೆಗೆ? ಅದು ಕೊಲಂಬೊದ ಕಣ್ಣಿಗೆ ಬೀಳಲೆಂದೇ ಇಳಿಸಿದ್ದು.

ಆಗಸ್ಟಿನಲ್ಲಿ ನಾವು ಜಾಫ್ನಾದ ಪಲಾಲಿಯಲ್ಲಿ ಇಳಿದಾಗ ಜನ ನಿಜವಾಗಿಯೂ ಹೂಮಾಲೆ ಹಾಕಿದರು. ಒಬ್ಬ ಅಮ್ಮ ಎಳನೀರು ಕೆತ್ತಿ ಕೊಟ್ಟು, ನನ್ನ ಹಲಸೂರಿನ ತಮಿಳು ಕೇಳಿ ನಕ್ಕಳು. ತಮಿಳು ಹುಲಿಗಳೊಡನೆ ಕಾದಾಟ ಶುರುವಾಗಿ, ಅಕ್ಟೋಬರಿನಲ್ಲಿ ಅದೇ ಬೀದಿಯಲ್ಲಿ ನೆಲಬಾಂಬು ತಡಕುತ್ತಾ ಹೋದೆ. ಅವಳ ಬಾಗಿಲು ಮುಚ್ಚಿತ್ತು. ಆ ತಿಂಗಳು ಜಾಫ್ನಾ ಆಸ್ಪತ್ರೆಗೆ ನಮ್ಮ ಸೇನೆ ನುಗ್ಗಿದಾಗ ರೋಗಿಗಳು, ವೈದ್ಯರು, ನರ್ಸುಗಳು ಸತ್ತರು. ನಾನಲ್ಲಿರಲಿಲ್ಲ. ಇರಲಿಲ್ಲ ಅನ್ನುವುದು ನೆಮ್ಮದಿಯೇ ಅಂತ ಕೇಳಬೇಡ.

ಒಪ್ಪಂದಕ್ಕೆ ರಾಜೀವ್ ಗಾಂಧಿ, ಲಂಕಾ ಅಧ್ಯಕ್ಷ ಜಯವರ್ಧನೆ ಸಹಿ ಹಾಕಿದರು. ಬಂದೂಕು ಹಿಡಿದ ತಮಿಳು ಹುಡುಗರ ಸಹಿ ಅದರಲ್ಲಿರಲಿಲ್ಲ. ಸಿಂಹಳೀಯರಿಗಾದರೂ ಒಪ್ಪಿಗೆ ಇತ್ತೇ? ಮಾರನೇ ದಿನವೇ ಗೌರವ ರಕ್ಷೆಯ ಸಾಲಿನಲ್ಲಿದ್ದ ನಾವಿಕನೊಬ್ಬ ನಮ್ಮ ಪ್ರಧಾನಿಗೆ ಬಂದೂಕಿನ ಹಿಡಿಯಿಂದ ಬೀಸಿದ. ಅದಕ್ಕಿಂತ ದೊಡ್ಡ ವಿಷಯವೆಂದರೆ, 1983ರ ನಂತರ ಆ ಹುಡುಗರಿಗೆ ತರಬೇತಿ ಕೊಟ್ಟು, ಆಯುಧ ಕೊಟ್ಟವರು ನಾವೇ. ಹಾಗಾಗಿ ನನ್ನ ಲೆಕ್ಕ ಇಷ್ಟು: ಬಂದೂಕು ಕೊಟ್ಟಿದ್ದು ತಪ್ಪು, ಅದನ್ನು ಕಸಿಯಲು ನಮ್ಮನ್ನು ಕಳಿಸಿದ್ದು ಆ ಸಾಲದ ಬಡ್ಡಿ. ಅಸಲನ್ನು 1991ರಲ್ಲಿ ಶ್ರೀಪೆರುಂಬುದೂರಿನಲ್ಲಿ ರಾಜೀವರ ಪ್ರಾಣದಿಂದ ತೆತ್ತೆವು.

ಕೊನೆಗೆ ಸಿಂಹಳೀಯರು, ತಮಿಳರು ಇಬ್ಬರಿಗೂ ಬೇಡವಾದೆವು. ಜಯವರ್ಧನೆ ನಂತರದ ಅಧ್ಯಕ್ಷ ಪ್ರೇಮದಾಸ ಹೊರಡಿ ಅಂದರು, ನಮ್ಮ ಮೇಲೆ ಹಾರಿಸಲು ಹುಲಿಗಳಿಗೆ ಆಯುಧವನ್ನೂ ಕೊಟ್ಟರು. 1990ರ ಮಾರ್ಚಿನಲ್ಲಿ ಕಡೆಯ ತುಕಡಿ ಮದರಾಸಿಗೆ ಬಂದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೂ ಬರಲಿಲ್ಲ. ಆಗ ಕೋಪ ಬಂದಿತ್ತು. ಈಗ ಅವರ ಮುನಿಸೂ ಅರ್ಥವಾಗುತ್ತದೆ.

ಲಂಕಾದ ಅಂತರ್ಯುದ್ಧ ಮುಗಿದ ಮೇಲೆ ನಾವು ಮಾಡಿದ ಕೆಲಸ ಬೇರೆ ತರಹದ್ದು. ಸುಮಾರು 50,000 ಮನೆಗಳ ಯೋಜನೆ. ನಮ್ಮವರು ಹಳಿ ಹಾಕಿಕೊಟ್ಟ ಮೇಲೆ 2014ರಲ್ಲಿ 'ಯಾಳ್ ದೇವಿ' ರೈಲು ಮತ್ತೆ ಜಾಫ್ನಾ ಮುಟ್ಟಿತು. 2022ರಲ್ಲಿ ಅವರು ದಿವಾಳಿಯೆದ್ದಾಗ ಹತ್ತಿರ ಹತ್ತಿರ 400 ಕೋಟಿ ಡಾಲರಿನ ನೆರವು. ಹಂಬನ್‌ತೋಟ ಬಂದರು ಚೀನಾ ಕೈ ಸೇರಿದ ಭಯವೂ ಇದರ ಹಿಂದೆ ಇರಬಹುದು. ಇರಲಿ ಬಿಡು, ಮನೆಗೆ ಸೂರಂತೂ ಬಂತು. ಆದರೆ ಒಪ್ಪಂದದಿಂದ ಹುಟ್ಟಿದ ಲಂಕಾ ಸಂವಿಧಾನದ 13ನೇ ತಿದ್ದುಪಡಿ ಪ್ರಾಂತ್ಯಗಳಿಗೆ ಕೊಟ್ಟ ಪೊಲೀಸ್, ಭೂಮಿ ಅಧಿಕಾರಗಳು ಇನ್ನೂ ಕಾಗದದ ಮೇಲೇ ಇವೆ. ಸಂಕಿರಣದಲ್ಲಿ ಅದನ್ನು ಕೇಳು.

ಕೊಲಂಬೊ ಪಕ್ಕದ ಕೋಟ್ಟೆಯಲ್ಲಿ ನಮ್ಮವರ ಸ್ಮಾರಕವಿದೆ. ಸತ್ತ ಸುಮಾರು 1,200 ಜನರ ಹೆಸರು ಅಲ್ಲಿ ಕೆತ್ತಿದ್ದಾರಂತೆ. ಅರಕಲಗೂಡಿನ ನನ್ನ ಗೆಳೆಯನ ಹೆಸರು ನಿನ್ನಮ್ಮನಿಗೆ ಗೊತ್ತು. ಹುಡುಕಿ ಒಂದು ಫೋಟೊ ತೆಗೆದು ಕಳಿಸು. ಹತ್ತಿರದಿಂದ ತೆಗಿ, ನನ್ನ ಕಣ್ಣು ಈಗ ಅಷ್ಟಕ್ಕಷ್ಟೆ.

ನಿನ್ನ ತಾತ