ಘಟ್ಟದ ಮೇಲೆ ಒಂದು ವಾರ

ಉತ್ತರ ಕನ್ನಡ ಜಿಲ್ಲೆಯೆಂದೊಡನೆ ನಮ್ಮವರ ಮನಸ್ಸು ಕಡಲತೀರಕ್ಕೆ ಓಡುವುದು ಸಹಜ. ಕಾರವಾರ, ಗೋಕರ್ಣ, ಮುರುಡೇಶ್ವರಗಳ ಮಳಲಿನಲ್ಲಿ ನಾಲ್ಕು ದಿನ ಕಳೆದು ಬಂದವರು ಜಿಲ್ಲೆಯನ್ನೆಲ್ಲ ಕಂಡೆವೆಂದೇ ಭಾವಿಸುವರು. ಈ ಸಲದ ರಜೆಯಲ್ಲಿ ನಮ್ಮ ಮೊಮ್ಮಕ್ಕಳೂ ಸಮುದ್ರವನ್ನೇ ಬಯಸಿದ್ದರು. ಅವರ ಅಜ್ಜಿಗೆ ಉಳವಿಯ ದರ್ಶನದ ಹಂಬಲ. ಮನೆಯಲ್ಲಿ ಅಜ್ಜಿಯ ಮಾತೇ ಗೆದ್ದಿತು. ಹೀಗಾಗಿ ದಾಂಡೇಲಿಯಲ್ಲಿ ಬಿಡಾರ ಹೂಡಿ, ಜೋಯಿಡಾ, ಹಳಿಯಾಳ, ಮುಂಡಗೋಡ ಸೀಮೆಗಳನ್ನು ಒಂದು ವಾರ ಸುತ್ತಿದೆವು.

ಮೊದಲೆರಡು ದಿನ ಮಕ್ಕಳಿಗೆ ಮೀಸಲು. ಕಾಳೀನದಿಯ ಸೆಳವಿನಲ್ಲಿ ಅವರು ದೋಣಿಯಾಟವಾಡಿದರು. ಹೆಮ್ಮರಗಳ ಮೇಲಿನ ಮಂಗಟ್ಟೆ ಹಕ್ಕಿಗಳನ್ನು ಎಣಿಸಿದರು. ಈ ನದಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು ೧೮೪ ಕಿಲೋಮೀಟರು ಹರಿದು, ಕಾರವಾರದ ಹತ್ತಿರ ಕಡಲನ್ನು ಸೇರುವುದು. “ನೀವು ಬಯಸಿದ ಸಮುದ್ರಕ್ಕೆ ಹೊರಟ ನೀರೇ ಇದು” ಎಂದಾಗ ಅವರಿಗೆ ಸಮಾಧಾನವಾಯಿತು.

ಮೂರನೆಯ ದಿನ ಗಣೇಶಗುಡಿಯ ಸೂಪಾ ಅಣೆಕಟ್ಟಿಗೆ ಹೋದೆವು. ೧೦೧ ಮೀಟರು ಎತ್ತರದ ಆ ಕಟ್ಟಡವು ೧೯೮೭ರಲ್ಲಿ ಪೂರ್ಣವಾಯಿತು. ಸೂಪಾ ಪಟ್ಟಣವು ನೀರಿನಡಿ ಸೇರಿತು. ತಾಲ್ಲೂಕಿನ ಕೇಂದ್ರವು ಜೋಯಿಡಾಕ್ಕೆ ಬಂದಿತು. ಅಲ್ಲಿಂದೆದ್ದವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. ಅಂಥವರಲ್ಲೊಬ್ಬ ವೃದ್ಧರು ದಾರಿಯ ಚಹದಂಗಡಿಯಲ್ಲಿ ನಮ್ಮೊಡನೆ ಕುಳಿತು ಹೇಳಿದರು: “ಮಾಸ್ತರರೇ, ನಿಮ್ಮ ಊರು ಯಾವುದೆಂದರೆ ನೀವು ಹೆಸರು ಹೇಳುವಿರಿ, ನಾನು ನೀರನ್ನು ತೋರಿಸಬೇಕು.” ಅವರ ದನಿಯಲ್ಲಿ ಕೋಪವಿರಲಿಲ್ಲ. ಮೊಮ್ಮಗಳು ನನ್ನ ಕಿವಿಯಲ್ಲಿ, “ನಮ್ಮ ಮನೆಯ ದೀಪವೂ ಈ ನೀರಿನದೇ ಅಜ್ಜ?” ಎಂದು ಕೇಳಿದಳು. ಅದರಲ್ಲಿ ಒಂದು ಪಾಲು ಇಲ್ಲಿಯದೇ ಎಂದೆನು. ಆ ರಾತ್ರಿ ಬಿಡಾರದಲ್ಲಿ ಅವಳು ಯಾರೂ ಹೇಳದೆಯೇ ಎದ್ದುಹೋಗಿ ಬರಿದೆ ಉರಿಯುತ್ತಿದ್ದ ದೀಪವನ್ನಾರಿಸಿದಳು.

ಮರುದಿನ ಉಳವಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕ್ಷೋಭೆಗೊಂಡಾಗ ಶರಣರು ಬಂದು ಸೇರಿದ ಕ್ಷೇತ್ರವಿದು, ಚೆನ್ನಬಸವಣ್ಣನವರ ಸಮಾಧಿಯಿರುವುದಿಲ್ಲಿಯೇ. ಮಾಘದ ಜಾತ್ರೆಗೆ ಬಯಲುಸೀಮೆಯ ರೈತರು ಚಕ್ಕಡಿ ಹೂಡಿಕೊಂಡು ಬರುವರು. ನಾವು ಹೋದಾಗ ಸದ್ದಿಲ್ಲದ ಕಾಡು. ಬೆನ್ನಟ್ಟಿದ ಸೈನ್ಯದಿಂದ ತಪ್ಪಿಸಿಕೊಂಡವರಿಗೆ ಈ ಮೌನವೇ ಕೋಟೆಯಾಗಿದ್ದಿರಬೇಕೆನಿಸಿತು.

ಐದನೆಯ ದಿನ ಹಳಿಯಾಳದ ಕಡೆಯ ಸಿದ್ದಿಯರ ಹಳ್ಳಿಯೊಂದಕ್ಕೆ ಪರಿಚಿತರೊಬ್ಬರು ಕರೆದೊಯ್ದರು. ಇವರ ಪೂರ್ವಜರು ಆಫ್ರಿಕ ಖಂಡದವರು. ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರಲ್ಲಿ ಹಲವರು ಬಿಡುಗಡೆಯನ್ನರಸಿ ಈ ಅರಣ್ಯವನ್ನು ಹೊಕ್ಕರು. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇರುವರು. ೨೦೦೩ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ವೃದ್ಧೆಯೊಬ್ಬರು ಜಗಲಿಯಲ್ಲಿ ಕೌದಿ ಹೊಲಿಯುತ್ತಿದ್ದರು. ನನ್ನವಳು ಬಳಿಯಲ್ಲಿ ಕುಳಿತಳು. ಹಳೆಯ ಸೀರೆಯ ಯಾವ ಅಂಚು ಎಲ್ಲಿಗೆ ಒಪ್ಪುವುದೆಂಬುದರಲ್ಲಿ ಅವರಿಬ್ಬರಿಗೂ ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ಕೊನೆಗೆ ಮುಂಡಗೋಡ. ೧೯೫೯ರಲ್ಲಿ ದೇಶಬಿಟ್ಟು ಬಂದ ಟಿಬೆಟ್ಟಿಯರಿಗಾಗಿ ೧೯೬೬ರಲ್ಲಿ ಇಲ್ಲೊಂದು ವಸತಿ ಏರ್ಪಟ್ಟಿತು. ಲ್ಹಾಸಾದ ಬಳಿಯ ಡ್ರೆಪುಂಗ್, ಗಾಡೆನ್ ಮಹಾಮಠಗಳು ಇಲ್ಲಿ ಮರುಹುಟ್ಟು ಪಡೆದಿವೆ. ಅಂಗಳದಲ್ಲಿ ಭಿಕ್ಷುಗಳ ವಾದ ನಡೆದಿತ್ತು. ಪೂರ್ವಪಕ್ಷದವನು ನಿಂತು, ಕೈತಟ್ಟಿ ಆಕ್ಷೇಪವನ್ನೆಸೆಯುವನು, ಕುಳಿತವನು ಉತ್ತರಿಸತಕ್ಕದ್ದು. ಭಾಷೆ ತಿಳಿಯದಿದ್ದರೂ ಪಾಠಶಾಲೆಯ ವಾಕ್ಯಾರ್ಥಸಭೆ ಕಣ್ಮುಂದೆ ಬಂದಿತು. ಅವರು ಓದುವ ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ದ ಸಂಸ್ಕೃತಮೂಲ ನಮ್ಮಲ್ಲಿ ಅಳಿದುಹೋಗಿತ್ತು, ರಾಹುಲ ಸಾಂಕೃತ್ಯಾಯನರು ೧೯೩೦ರ ದಶಕದಲ್ಲಿ ಟಿಬೆಟ್ಟಿನ ಮಠಗಳಲ್ಲಿ ಅದರ ಓಲೆಗಳನ್ನು ಕಂಡುಹಿಡಿದರು. ನಾವು ಕಳೆದುಕೊಂಡದ್ದನ್ನು ಶತಮಾನಗಳವರೆಗೆ ಕಾಪಾಡಿದವರು ತಾವೇ ನೆಲ ಕಳೆದುಕೊಂಡಾಗ, ಕನ್ನಡನಾಡು ಅವರಿಗೆ ಜಾಗ ಕೊಟ್ಟಿತು. ಇದು ದಾನವಲ್ಲ, ಋಣಸಂದಾಯವೆಂದು ನನ್ನ ಭಾವನೆ.

ಶರಣರಿಗೂ ಸಿದ್ದಿಯರಿಗೂ ಟಿಬೆಟ್ಟಿಯರಿಗೂ ಮಡಿಲು ನೀಡಿದ ಈ ಸೀಮೆಯಲ್ಲಿಯೇ, ಇಲ್ಲಿ ಹುಟ್ಟಿದ ಸೂಪಾದವರು ನಾಡಿನ ಬೆಳಕಿಗಾಗಿ ಮನೆ ಬಿಟ್ಟೇಳಬೇಕಾಯಿತು. ಮೊದಲಿನ ಮೂವರ ಕಥೆ ನಮ್ಮ ಹೆಮ್ಮೆಗೆ ಸಾಕು. ನಾಲ್ಕನೆಯವರದು ನಮ್ಮ ಕರ್ತವ್ಯವನ್ನು ನೆನಪಿಸುವುದು. ಮುಖ್ಯವಾಗಿ ಮಕ್ಕಳು ಇವೆರಡನ್ನೂ ಜೊತೆಯಾಗಿ ಕಾಣಬೇಕು.

ಆದಕಾರಣ ಗೃಹಸ್ಥರಲ್ಲಿ ನನ್ನ ವಿನಂತಿ: ಕಡಲಿಗೆ ಅವಶ್ಯವಾಗಿ ಹೋಗಿರಿ, ಆದರೆ ಒಂದು ರಜೆಯನ್ನು ಘಟ್ಟದ ಮೇಲಕ್ಕೂ ಉಳಿಸಿರಿ. ಮಳೆ ನಿಂತ ಮೇಲೆ ಹೊರಡುವುದೊಳ್ಳೆಯದು. ಗಡಿಬಿಡಿಯಿಂದ ಎಲ್ಲ ಸ್ಥಳಗಳನ್ನೂ ಮುಟ್ಟಿಬರಬೇಕೆಂದಿಲ್ಲ. ಎದುರಾದವರನ್ನು “ತಮ್ಮ ಮೂಲ ಊರು ಯಾವುದು?” ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿರುವಷ್ಟು ವ್ಯವಧಾನವಿದ್ದರೆ ಸಾಕು.