ಮುದ್ರೆಯ ಮೇಲೆ ಮುದ್ರೆ

ವಿದ್ಯೆಯು ಕಳ್ಳರು ಕದಿಯಲಾರದ ಧನವೆಂದು ಹಿರಿಯರು ಹೇಳುತ್ತಿದ್ದರು. ಕಳ್ಳರ ಮಾತು ಹಾಗಿರಲಿ. ಆ ಧನವು ತನ್ನದೇ ಎಂದು ಪರದೇಶದವರಿಗೆ ತೋರಿಸಬೇಕಾದಾಗ ಎಷ್ಟು ಬಾಗಿಲುಗಳನ್ನು ತಟ್ಟಬೇಕಾಗುವುದೆಂಬುದನ್ನು ಅವರು ಹೇಳಲಿಲ್ಲ. ತಂಗಿಯ ಮಗನ ಸಲುವಾಗಿ ಆ ಬಾಗಿಲುಗಳನ್ನು ತಟ್ಟಿದವನು ನಾನಾದುದರಿಂದ, ಮಕ್ಕಳನ್ನು ಹೊರನಾಡಿಗೆ ಕಳುಹಿಸುವ ಆಲೋಚನೆಯುಳ್ಳ ವಾಚಕರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಶಹಾಪುರ ತಾಲೂಕಿನ ಶಿರವಾಳ. ಹಾಳುಬಿದ್ದ ಪುರಾತನ ದೇಗುಲಗಳನ್ನು ನೋಡಬರುವವರನ್ನು ಬಿಟ್ಟರೆ ಇದರ ಹೆಸರನ್ನು ಕೇಳಿದವರು ವಿರಳ. ತಂಗಿಯ ಮನೆಯವರಿಗೆ ತೊಗರಿ ಬೆಳೆಯುವ ನಾಲ್ಕು ಎಕರೆ ಹೊಲವುಂಟು. ಹುಡುಗನ ಓದಿಗಾಗಿ ಅದರಲ್ಲಿ ಎರಡು ಎಕರೆ ಸಾಲಕ್ಕೆ ಒತ್ತೆಬಿದ್ದಿದೆ. ಅವನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿ ಎರಡು ವರುಷ ಅಲೆದ ಮೇಲೆ ಸೌದಿ ಅರೇಬಿಯದಲ್ಲೊಂದು ಕೆಲಸ ಗೊತ್ತಾಯಿತು. ಆದರೆ ಎಂಟು ವಾರಗಳೊಳಗಾಗಿ ವಿದ್ಯಾಭ್ಯಾಸದ ಪತ್ರಗಳನ್ನು ದೃಢೀಕರಿಸಿ ಕಳುಹಿಸಬೇಕು, ಇಲ್ಲವಾದರೆ ಕೆಲಸದ ಪರವಾನಗಿ ದೊರೆಯದು ಎಂದು ಅವರು ಬರೆದಿದ್ದರು. ಅಂದರೆ ಆ ಎರಡು ಎಕರೆಯ ಬಿಡುಗಡೆಯು ಕೆಲವು ಮುದ್ರೆಗಳನ್ನು ನೆಚ್ಚಿಕೊಂಡಿತ್ತು.

ಮೊದಲು ಶಹಾಪುರದ ನ್ಯಾಯಾಲಯದ ಬಳಿ ನೋಟರಿಯೊಬ್ಬರನ್ನು ಕಂಡೆವು. 1952ರ ನೋಟರಿಗಳ ಕಾಯಿದೆಯಂತೆ ಸರಕಾರವು ಅನುಭವಸ್ಥರಾದ ವಕೀಲರನ್ನು ಈ ಕಾರ್ಯಕ್ಕೆ ನೇಮಿಸುತ್ತದೆ. ಅವರ ಮುದ್ರೆ ಐದು ಸೆಂಟಿಮೀಟರು ಅಡ್ಡಳತೆಯ ದುಂಡು ಮುದ್ರೆಯಾಗಿರಬೇಕೆಂಬುದೂ ನಿಯಮದಲ್ಲಿದೆ. ಆ ಗೃಹಸ್ಥರು ಮೂಲಪತ್ರವನ್ನೂ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿ, ಸಹಿ ಹಾಕಿ, ತಮ್ಮ ದಾಖಲೆಪುಸ್ತಕದಲ್ಲಿ ಬರೆದುಕೊಂಡರು. ಬಳಿಕ ನಮ್ಮ ಸಂತೋಷಕ್ಕೆ ತಡೆಹಾಕುವಂತೆ ಹೇಳಿದರು: "ಪ್ರತಿಯು ಮೂಲದಂತೆಯೇ ಇದೆ ಎಂಬಷ್ಟಕ್ಕೆ ಈ ಮುದ್ರೆ ಸಾಕ್ಷಿ. ನಿಮ್ಮ ಹುಡುಗ ಪಾಸಾದದ್ದು ನಿಜವೆಂದು ನಾನು ಹೇಳಲಾರೆ."

ಹಾಗಾದರೆ ಅದನ್ನು ಹೇಳುವವರಾರು? ಪದವಿ ಕೊಟ್ಟ ವಿಶ್ವವಿದ್ಯಾಲಯವಿರುವುದು ಬೆಳಗಾವಿಯಲ್ಲಿ. ಪದವಿ ತನ್ನದೇ ಎಂದು ಅದು ತಿಳಿಸಿದ ಮೇಲೆ, ರಾಜ್ಯ ಸರಕಾರದ ನಿಯುಕ್ತ ಅಧಿಕಾರಿಗಳು ಬೆಂಗಳೂರಿನಲ್ಲಿ ಮೂಲಪತ್ರಕ್ಕೆ ಸಹಿ ಹಾಕುವರು. ಆ ಅಧಿಕಾರಿಗಳ ಸಹಿಯ ಮಾದರಿಯು ಕೇಂದ್ರದ ವಿದೇಶಾಂಗ ಮಂತ್ರಾಲಯದಲ್ಲಿರುತ್ತದೆ. ಅದಕ್ಕೆ ಹೋಲಿಸಿ ನೋಡಿ ಮಂತ್ರಾಲಯದವರು ಪತ್ರದ ಬೆನ್ನಿಗೆ 'ಅಪೊಸ್ಟೀಲ್' ಎಂಬ ಚೀಟಿಯನ್ನಂಟಿಸುವರು. 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಾದ ಒಪ್ಪಂದದ ಫಲವಿದು. ಚೀಟಿಯು ಚೌಕವಾಗಿ, ಒಂದೊಂದು ಬದಿಯೂ ಒಂಬತ್ತು ಸೆಂಟಿಮೀಟರಿಗೆ ಕಡಮೆಯಾಗದಂತಿರಬೇಕು. ತಲೆಬರಹವು ಫ್ರೆಂಚ್ ಭಾಷೆಯಲ್ಲಿಯೇ ಇರಬೇಕು. ಬೆಂಗಳೂರಿನಲ್ಲಿ ಅಂಟಿಸಿಕೊಂಡು ರಿಯಾಧಿನಲ್ಲಿ ಓದಿಸಿಕೊಳ್ಳುವ ಕಾಗದಕ್ಕೆ ಫ್ರೆಂಚ್ ತಲೆಬರಹವೇಕೋ ನನಗೆ ಇಂದಿಗೂ ನಗು ಬರುತ್ತದೆ. ಭಾರತದ ಮಟ್ಟಿಗೆ ಈ ಒಪ್ಪಂದವು 2005ರ ಜುಲೈ 14ರಿಂದಲೂ, ಸೌದಿ ಅರೇಬಿಯದ ಮಟ್ಟಿಗೆ 2022ರ ಡಿಸೆಂಬರ್ 7ರಿಂದಲೂ ಜಾರಿಗೆ ಬಂದಿತು. ಅದಕ್ಕೂ ಮುಂಚೆ ಹೋದವರು ಆ ದೇಶದ ರಾಯಭಾರಿಗಳ ಮುದ್ರೆಯನ್ನೂ ಹಾಕಿಸಬೇಕಾಗಿದ್ದಿತು.

ವಿಚಾರಿಸಿ ನೋಡಿದರೆ, ಇಲ್ಲಿ ಪ್ರತಿಯೊಂದು ಮುದ್ರೆಯೂ ತನ್ನ ಹಿಂದಿನ ಮುದ್ರೆಗೆ ಮಾತ್ರ ಸಾಕ್ಷಿ. ಅಪೊಸ್ಟೀಲ್ ಸಹ ಸಹಿ ನಿಜ, ಸಹಿ ಹಾಕಿದವರ ಅಧಿಕಾರ ನಿಜ, ಮುದ್ರೆ ನಿಜ ಎನ್ನುವುದೇ ಹೊರತು, ಒಳಗಿನ ಬರಹ ನಿಜವೆನ್ನುವುದಿಲ್ಲ. ನಾಡಿನ ಹಳೆಯ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತುತ್ತಿದ್ದರಷ್ಟೆ. ಆ ಸಾಕ್ಷಿಗಳ ಸಹಿ ಸಾಚಾ ಎಂದು ಮೂರನೆಯವರು ಹೇಳಬೇಕಾಗಿರಲಿಲ್ಲ. ನಮ್ಮ ತಂದೆಯವರು 1948ಕ್ಕೆ ಮುಂಚೆ, ನಿಜಾಮರ ಆಳ್ವಿಕೆಯಲ್ಲಿ ಓದಿದವರು. ಅವರ ಶಾಲೆಯ ಪತ್ರ ಉರ್ದುವಿನಲ್ಲಿತ್ತು. ಅದನ್ನವರು ಯಾರಿಗೂ ತೋರಿಸಿದುದನ್ನು ನಾನು ಕಾಣೆ. ಊರವರಿಗೆ ಅವರು ಬರೆದುಕೊಡುತ್ತಿದ್ದ ಅರ್ಜಿಗಳೇ ಸಾಕಾಗಿದ್ದವು.

ನಮಗೆ ನಿಜವಾದ ತೊಡಕು ಬಂದುದು ಹೆಸರಿನಿಂದ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹುಡುಗನ ಹೆಸರಷ್ಟೇ ಇದ್ದಿತು. ಪದವಿಪತ್ರದಲ್ಲಿ ತಂದೆಯ ಹೆಸರಿನ ಮೊದಲಕ್ಷರವೂ ಸೇರಿತ್ತು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಪೂರ್ತಿಯಾಗಿ ಬಂದಿತ್ತು. "ಮಾಮಾ, ಈ ಮೂರು ಮಂದಿಯೊಳಗ ನಾ ಯಾರು?" ಎಂದು ಅವನು ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯದಾಯಿತು. ಮತ್ತೆ ಅದೇ ನೋಟರಿಯವರ ಬಳಿಗೆ ಹೋಗಿ, ಮೂರು ಹೆಸರೂ ಒಬ್ಬನವೇ ಎಂದು ಪ್ರಮಾಣಪತ್ರ ಬರೆಸಿದೆವು. ಕೆಲಸ ಕೊಟ್ಟವರು ಅದನ್ನು ಒಪ್ಪಿದರು. ಮಕ್ಕಳನ್ನು ಶಾಲೆಗೆ ಸೇರಿಸುವ ತಾಯಂದಿರು ಮೊದಲ ದಿನವೇ ಹೆಸರಿನ ಒಂದೊಂದು ಅಕ್ಷರವನ್ನೂ ನೋಡಿ ಬರೆಸಿದರೆ ಈ ಓಡಾಟವೇ ಇರುವುದಿಲ್ಲ.

ಈ ನಡುವೆ ದಲ್ಲಾಳಿಯೊಬ್ಬನು ಬಂದು, ಮೂಲಪತ್ರಗಳನ್ನೂ ಹದಿನೆಂಟು ಸಾವಿರ ರೂಪಾಯಿಗಳನ್ನೂ ತನ್ನ ಕೈಗೆ ಕೊಟ್ಟರೆ ಸಕಲವನ್ನೂ ತಾನೇ ಮುಗಿಸುವೆನೆಂದನು. ಅಪೊಸ್ಟೀಲಿಗೆ ಸರಕಾರದ ಶುಲ್ಕವು ಪತ್ರವೊಂದಕ್ಕೆ 50 ರೂಪಾಯಿ. 2012ರಿಂದೀಚೆಗೆ ಮಂತ್ರಾಲಯವು ಜನರಿಂದ ನೇರವಾಗಿ ಪತ್ರಗಳನ್ನು ಪಡೆಯದೆ, ತಾನು ಗೊತ್ತುಮಾಡಿದ ಸಂಸ್ಥೆಗಳ ಮೂಲಕವೇ ಪಡೆಯುವುದರಿಂದ ಅವರ ಸಣ್ಣ ಕೂಲಿಯೊಂದು ಅದಕ್ಕೆ ಸೇರುತ್ತದೆ, ಅಷ್ಟೆ. ತಂಗಿಗೆ ಈ ಲೆಕ್ಕವೊಂದೂ ತಿಳಿಯದು. ಆದರೂ ಅವಳು, "ಅಣ್ಣಾ, ಅಸಲು ಕಾಗದ ಮಾತ್ರ ಪರರ ಕೈಯಾಗ ಕೊಡಬ್ಯಾಡ" ಎಂದು ಹಟ ಹಿಡಿದಳು. ಹುಡುಗನೇ ಪತ್ರಗಳನ್ನು ಎದೆಗವಚಿಕೊಂಡು ಯಾದಗಿರಿಯಲ್ಲಿ ರೈಲು ಹತ್ತಿದನು. ಎರಡು ಸಲ ಬೆಂಗಳೂರಿಗೆ ಹೋಗಿಬಂದನು.

ಏಳನೆಯ ವಾರ ಪತ್ರಗಳು ಮನೆಗೆ ಬಂದವು. ತಂಗಿಯು ಕೈತೊಳೆದು ಬಂದು, ಸೆರಗಿನಿಂದೊರಸಿಕೊಂಡು, ಪದವಿಪತ್ರವನ್ನು ತಿರುವಿ ಆ ಚೌಕದ ಚೀಟಿಯನ್ನು ಬಹಳ ಹೊತ್ತು ನೋಡಿದಳು. "ಇದರಾಗ ನನ್ನ ಮಗ ಪಾಸಾದಂತ ಎಲ್ಲಿ ಬರದಾರಣ್ಣಾ?" ಎಂದಳು. ಅದು ಈ ಕಡೆ ಇದೆಯೆಂದು ಮುಂಬದಿಯನ್ನು ತೋರಿಸಿದೆನು. ಮೂಲಪತ್ರಗಳನ್ನು ಅವನ ಚೀಲದಲ್ಲಿಟ್ಟು, ನೋಟರಿಯವರ ಮುದ್ರೆಯುಳ್ಳ ಪ್ರತಿಗಳನ್ನು ತನ್ನ ಟ್ರಂಕಿನಲ್ಲಿ ಹೊಲದ ಕಾಗದಗಳ ಮೇಲಿಟ್ಟಳು. ಶ್ರಾವಣದಲ್ಲಿ ಅವನು ಹೊರಟುಹೋದನು.